ಕೀಲಿ ಕೊಟ್ಟರು, ಮನೆ ಕೊಡಲಿಲ್ಲ

ಬಳ್ಳಾರಿಯ ಗಾಂಧಿನಗರ, ಸತ್ಯನಾರಾಯಣಪೇಟೆ, ಪಟೇಲ್ ನಗರ, ಎಲ್ಲಿಗೆ ಹೋದರೂ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟು ಕಟ್ಟಿ, ಕಟ್ಟೆಯ ಮೇಲೆ ಪೇಪರು ಹಿಡಿದು ಕೂತ ಓನರ್ರು ಒಬ್ಬರು ಸಿಗುತ್ತಾರೆ. ರಟ್ಟಿನ ಕೆಳಗೆ ಸಣ್ಣಕ್ಷರದಲ್ಲಿ ‘ಫ್ಯಾಮಿಲಿಗೆ ಮಾತ್ರ’ ಎಂದಿರುತ್ತದೆ. ಆ ಫ್ಯಾಮಿಲಿಯೂ ಗಂಡ, ಹೆಂಡತಿ, ಅಳದ ಒಂದು ಮಗು ಇಷ್ಟಕ್ಕೇ ಮುಗಿಯಬೇಕು. ನೆಂಟರು ಇರಬಾರದು, ಇದ್ದರೂ ಬರಬಾರದು, ಬಂದರೂ ಸ್ನಾನ ಮಾಡಬಾರದು. ಸಿರುಗುಪ್ಪದಲ್ಲಿ ಇದೇ ಓನರ್ರು ಭತ್ತದ ದುಡ್ಡಿನಲ್ಲಿ ಮಹಡಿ ಎಬ್ಬಿಸಿರುತ್ತಾರೆ, ಕುರುಗೋಡಿನಲ್ಲಿ ಮೆಣಸಿನಕಾಯಿ ದುಡ್ಡಿನಲ್ಲಿ, ಬಳ್ಳಾರಿಯಲ್ಲಿ ಪಿಎಫ್ ದುಡ್ಡಿನಲ್ಲಿ. ದುಡ್ಡು ಎಲ್ಲಿಂದ ಬಂದಿದ್ದರೂ ದೂರು ಒಂದೇ: “ಒಳ್ಳೆ ಬಾಡಿಗಿ ಮಂದಿ ಸಿಗಂಗಿಲ್ರಿ.” ದೂರು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಅದರ ಮುಕ್ಕಾಲು ಪಾಲನ್ನು ಓನರ್ರು ಮಹಡಿಯ ಜತೆಗೇ ಕೈಯಾರೆ ಕಟ್ಟಿಸಿಕೊಂಡಿದ್ದಾರೆ ಎಂಬುದು ನನ್ನ ವಾದ. ಅವರು ಬಾಡಿಗೆಯವರಿಗೆ ಕೀಲಿ ಕೊಟ್ಟಿರುತ್ತಾರೆ, ಮನೆ ಕೊಟ್ಟಿರುವುದಿಲ್ಲ.

ಕಾನೂನು ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಬಾಡಿಗೆಗೆ ಕೊಡುವುದೆಂದರೆ ಆಸ್ತಿಯನ್ನು ಅನುಭೋಗಿಸುವ ಹಕ್ಕನ್ನು ದುಡ್ಡಿಗೆ ಪ್ರತಿಯಾಗಿ ಇನ್ನೊಬ್ಬರಿಗೆ ದಾಟಿಸುವುದು. ಇದನ್ನು ಹೇಳಿಕೊಡಲು ಇಂಗ್ಲಿಷರೇ ಬರಬೇಕಿರಲಿಲ್ಲ, ನಮ್ಮ ‘ಭೋಗ್ಯ’ ಎಂಬ ಪದದ ಹೊಟ್ಟೆಯಲ್ಲೇ ಭೋಗವಿದೆ. ಓನರ್ರಿಗೆ ಕಣ್ಣಲ್ಲಿ ನೋಡಲಾಗದ್ದು ಈ ಭೋಗವನ್ನೇ. ಮೊದಲ ದಿನ “ನಿಮ್ಮನಿ ಅಂತ ತಿಳ್ಕೊಂಡು ಇರ್ರಿ” ಎನ್ನುತ್ತಾರೆ. ಆ ಮಾತನ್ನು ನಂಬಿದವರು ಎರಡನೆಯ ದಿನ ಕ್ಯಾಲೆಂಡರ್ ತೂಗಹಾಕಲು ಒಂದು ಮೊಳೆ ಹೊಡೆದರೆ, ಟಕ್ ಎಂಬ ಸದ್ದು ಗೋಡೆಗಿಂತ ಮೊದಲು ಓನರ್ರ ಎದೆಯಲ್ಲಿ ಕೇಳಿಸುತ್ತದೆ. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಬರುತ್ತಾರೆ. ಮೊಳೆಯನ್ನು ನೋಡುವುದಿಲ್ಲ. ಅದರ ಕೆಳಗೆ ಉದುರಿದ ಬಣ್ಣದ ಪುಡಿಯನ್ನು ತೋರುಬೆರಳಲ್ಲಿ ಒರಸಿ, ಬೆರಳನ್ನು ಬೆಳಕಿಗೆ ಹಿಡಿದು, “ಡಬಲ್ ಕೋಟ್ ಹೊಡ್ಸಿದ್ದೆ” ಎಂದಷ್ಟೇ ಹೇಳಿ ಇಳಿದುಹೋಗುತ್ತಾರೆ. ಬಳಕೆಯಿಂದಾಗುವ ಸಹಜ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ ಎಂದು ಅದೇ ಕಾಯ್ದೆಯ 108ನೇ ಸೆಕ್ಷನ್ ಒಪ್ಪಿಕೊಂಡಿದೆ. ಸಹಜ ಎಂದರೆ ಎಷ್ಟು ಮೊಳೆ ಎಂದು ಕಾಯ್ದೆ ಲೆಕ್ಕ ಕೊಟ್ಟಿಲ್ಲ. ಓನರ್ರ ಲೆಕ್ಕ ಸೊನ್ನೆ.

ಬಳ್ಳಾರಿ ಕೋಟೆಯ ಬಗ್ಗೆ ಒಂದು ಐತಿಹ್ಯವಿದೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಕೋಟೆ ಭದ್ರಪಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಓನರ್ರ ಕಥೆಯಲ್ಲಿ ಎಂಜಿನಿಯರನೂ ಅವರೇ, ಹೈದರನೂ ಅವರೇ. ಬಾಡಿಗೆ ಬರಲೆಂದು ಮಹಡಿ ಎತ್ತುತ್ತಾರೆ, ಎತ್ತಿದ ಮೇಲೆ ಬಾಡಿಗೆಯವರು ತಲೆಯ ಮೇಲೆ ಕೂತಿದ್ದಾರೆ ಎಂದು ಗೊತ್ತಾಗುತ್ತದೆ. ಅಲ್ಲಿಂದ ಕಿವಿ ಸದಾ ಸೂರಿನ ಕಡೆಗೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟ್ ಮುಗಿಸಿ ಬರುವವನಿಗೆ ಹತ್ತು ಗಂಟೆಗೇ ಗೇಟಿನ ಬೀಗ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆಯವರಿಗೆ “ಮಷಿನ್ ಐತಂತ ಮೊದ್ಲೇ ಹೇಳ್ಬೇಕಿತ್ತು” ಎಂಬ ಆಕ್ಷೇಪ, ಊರಿಗೆ ಊರೇ ಜೀನ್ಸ್ ಹೊಲಿದು ಹೆಸರು ಮಾಡಿರುವುದು ತಮಗೆ ತಿಳಿದೇ ಇಲ್ಲವೆಂಬಂತೆ. ಅಲ್ಲೀಪುರ ಕೆರೆಯ ನೀರು ನಲ್ಲಿಗೆ ಬರುವ ದಿನವನ್ನು ಕಾಯುವ ಊರಿನಲ್ಲಿ ಸಂಪೇ ಖಜಾನೆ, ಮೋಟಾರಿನ ಸ್ವಿಚ್ಚೇ ರಾಜಮುದ್ರೆ. ಆ ಸ್ವಿಚ್ಚು ಇರುವುದು ಓನರ್ರ ಮಲಗುವ ಕೋಣೆಯಲ್ಲಿ. ಮೇಲಿನವರು ಮೈಗೆ ಸೋಪು ಹಚ್ಚಿಕೊಂಡಾಗ ನೀರು ನಿಂತರೆ, ಕೆಳಗೆ ಯಾರೋ ಉಳಿತಾಯದ ಪಾಠ ಹೇಳುತ್ತಿದ್ದಾರೆ ಎಂದು ತಿಳಿಯಬೇಕು. ಇಂಥ ಮನೆಯಲ್ಲಿ ಎಂಥ ಸಾಧುವೂ ಆರು ತಿಂಗಳಲ್ಲಿ ‘ತಾಪತ್ರಯದ ಬಾಡಿಗೆದಾರ’ ಆಗುತ್ತಾನೆ.

ಓನರ್ರ ಈ ಸಂಕಟ ದುಡ್ಡಿನದಲ್ಲ ಎನ್ನುವುದಕ್ಕೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿದ ಮಿತಿಯೊಳಗೆ, ಕರೆಂಟು ಉಚಿತ. ಬಾಡಿಗೆದಾರರಿಗೂ ಉಂಟು. ಅವರ ಕರೆಂಟು ಉಚಿತವಾದರೆ ಓನರ್ರ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲ. ಆದರೂ ಮೀಟರಿನ ಆರ್‌ಆರ್ ನಂಬರ್ ತಮ್ಮದು, ಆಧಾರ್ ಅವರದು ಎಂಬುದು ಗಂಟಲಲ್ಲಿ ಸಿಕ್ಕ ಮುಳ್ಳು. ಹಲವು ಮೀಟರ್ ಇರುವ ಮಾಲೀಕರಿಗೆ ಉಚಿತ ಸಿಗುವುದು ಒಂದಕ್ಕೇ ಎಂದಾಗ ಮುಳ್ಳು ಇನ್ನಷ್ಟು ಇಳಿಯಿತು. ಒಂದೇ ಮೀಟರಿಗೆ ಮೂರು ಪೋರ್ಷನ್ ಜೋಡಿಸಿದವರ ಪಾಡು ಬೇರೆ: ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಮೂರು ಕೂಲರ್ ಒಟ್ಟಿಗೆ ತಿರುಗಿ 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು, ಯಾರ ಕೂಲರ್ ದಾಟಿಸಿತು ಎಂಬ ವಿಚಾರಣೆ ಜೆಸ್ಕಾಂನವರು ಹೋದ ಮೇಲೂ ನಡೆಯುತ್ತದೆ. ಮನೆ ಖಾಲಿ ಮಾಡಿದವನು ಆಧಾರ್ ಜೋಡಣೆ ತೆಗೆಸದೆ ಹೋದರಂತೂ ಮುಗಿಯಿತು. ಆಸಾಮಿ ಸಾಮಾನು ಸಮೇತ ಹೋದ, ಹೆಸರು ಮಾತ್ರ ಮೀಟರಿನಲ್ಲಿ ಬಾಡಿಗೆಯಿಲ್ಲದೆ ಉಳಿದುಕೊಂಡಿತು.

ಇಲ್ಲಿ ಓನರ್ರ ಪರವಾಗಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಮೊಳೆ, ನೀರು ಹಾಗಿರಲಿ. ಬಾಡಿಗೆಯನ್ನೇ ಕೊಡದವರ ಗತಿ ಏನು? ಬ್ಯಾಂಕಿನ ಸಾಲ ತಲೆಯ ಮೇಲಿರುತ್ತದೆ, ಎಷ್ಟೋ ವಿಧವೆಯರಿಗೆ, ಪಿಂಚಣಿಯಿಲ್ಲದವರಿಗೆ ಬಾಡಿಗೆಯೇ ಅನ್ನ. ಒಪ್ಪಲೇಬೇಕಾದ ಮಾತು. ಬಾಡಿಗೆ ಕೊಡದವರ ನಟನಾ ಪ್ರತಿಭೆ ರಂಗನಟ ಬಳ್ಳಾರಿ ರಾಘವರ ಊರಿಗೆ ತಕ್ಕದ್ದೇ. ಸಿರುಗುಪ್ಪದಲ್ಲಿ “ಭತ್ತ ಮಾರ್ಲಿ ಅಣ್ಣಾ”, ಕುರುಗೋಡಿನಲ್ಲಿ “ಬ್ಯಾಡಗಿಯಿಂದ ಮೆಣಸಿನಕಾಯಿ ಪಟ್ಟಿ ಬರ್ಲಿ ಅಕ್ಕಾ”, ಬಳ್ಳಾರಿಯಲ್ಲಿ “ಸಂಬಳ ಆಗಿಲ್ರಿ, ಬರೋ ತಿಂಗ್ಳು ಎರಡೂ ಕೂಡ್ಸಿ ಕೊಡ್ತೀನಿ.” ಆದರೆ ಎರಡನೆಯ ತಿಂಗಳಲ್ಲಿ ಓನರ್ರು ಮಾಡಿದ್ದೇನು? ದೊಡ್ಡ ಮನುಷ್ಯರಾಗಿ “ಇರ್ಲಿ ಬಿಡ್ರಿ” ಎಂದರು. ಮೊಳೆಗೆ ಮೆಟ್ಟಿಲು ಹತ್ತಿದವರು ಬಾಡಿಗೆಗೆ ಹತ್ತಲಿಲ್ಲ, ದುಡ್ಡು ಕೇಳಿದರೆ ಮರ್ಯಾದೆ ಕಡಿಮೆಯಾಗುತ್ತದೆಂದು. ಐದನೆಯ ತಿಂಗಳಲ್ಲಿ ಮರ್ಯಾದೆಯೂ ಇಲ್ಲ, ಬಾಡಿಗೆಯೂ ಇಲ್ಲ, ಅಡ್ವಾನ್ಸೂ ಕರಗಿದೆ. ಬಾಡಿಗೆಯೇ ಅನ್ನ ಎಂದಾದರೆ ಅದನ್ನು ಕೇಳಲು ಸಂಕೋಚಪಡುವುದು, ಅನ್ನ ಅಲ್ಲದ್ದಕ್ಕೆಲ್ಲ ಜಗಳ ತೆಗೆಯುವುದು ಯಾವ ವ್ಯಾಪಾರ?

ಕಾನೂನೇ ಬಾಡಿಗೆದಾರರ ಪರ ಎಂಬುದು ಎರಡನೆಯ ಆಕ್ಷೇಪ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲಕ್ಕೆ ಇದು ಬಹಳ ಮಟ್ಟಿಗೆ ನಿಜ. ಅದರ ಜಾಗಕ್ಕೆ ಬಂದ 1999ರ ಕಾಯ್ದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದೆಡೆ 2000 ರೂಪಾಯಿಯ ಮಿತಿಗೆ ನಿಂತುಹೋಗುತ್ತದೆ. ಆ ಮಿತಿ ದಾಟಿದ ಮನೆಗೆ 1882ರ ಕಾಯ್ದೆಯೇ ಗತಿ, ಅದರಂತೆ ತಿಂಗಳ ಬಾಡಿಗೆಯ ಕರಾರು ಮುರಿಯಲು 15 ದಿನದ ನೋಟೀಸು ಸಾಕು. ಎದ್ದುಹೋಗದಿದ್ದರೆ ಕೋರ್ಟಿಗೆ ಹೋಗಬೇಕು, ಅಲ್ಲಿ ವರ್ಷಗಳು ಉರುಳುತ್ತವೆ ಎಂಬುದೂ ಸತ್ಯ. ಆದರೆ ಕೋರ್ಟು ಮೊದಲು ಕೇಳುವುದು ಕಾಗದವನ್ನು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದಾದ್ದರಿಂದ ನಮ್ಮವರು 11 ತಿಂಗಳ ಕರಾರು ಬರೆಸಿದರು, ಬರೆಸಿ ಬೀರುವಿನಲ್ಲಿಟ್ಟರು, ಹನ್ನೆರಡನೆಯ ತಿಂಗಳಲ್ಲಿ ಮರೆತರು. ಬಾಡಿಗೆದಾರ ಏಳನೆಯ ವರ್ಷದಲ್ಲಿರುವಾಗ ಕರಾರು ಇನ್ನೂ ಮೊದಲ ವರ್ಷದಲ್ಲೇ ಇರುತ್ತದೆ. ಇದಕ್ಕೆ ಕಾನೂನನ್ನು ಬೈದು ಪ್ರಯೋಜನವಿಲ್ಲ.

ಉಳಿದದ್ದು ಅಡ್ವಾನ್ಸಿನ ಮಾತು. ಬಣ್ಣಕ್ಕಿಷ್ಟು, ನಲ್ಲಿಗಿಷ್ಟು, ಮೊಳೆಗಿಷ್ಟು ಎಂದು ಮುರಿದುಕೊಳ್ಳುವಾಗ ಓನರ್ರು ತಮ್ಮ ಊರಿನ ಚರಿತ್ರೆಯನ್ನೊಮ್ಮೆ ನೆನೆಯಬೇಕು. ಬಳ್ಳಾರಿ ಸ್ವತಃ ಮದ್ರಾಸ್ ಪ್ರಾಂತ್ಯದ ಮನೆಯಲ್ಲಿ ಬಹುಕಾಲ ಇದ್ದ ಊರು. 1953ರ ಅಕ್ಟೋಬರ್ 1ರಂದು ಖಾಲಿ ಮಾಡಿ ಮೈಸೂರಿಗೆ ಬಂದಾಗ ಆದೋನಿ, ಆಲೂರು, ರಾಯದುರ್ಗ ಮೂರು ತಾಲೂಕುಗಳು ಆಂಧ್ರದ ಪಾಲಾದವು. ಕಡಿತವಾದ ಅಡ್ವಾನ್ಸು ತಿರುಗಿ ಬರುವುದಿಲ್ಲ ಎಂಬ ಅನುಭವ ಈ ಜಿಲ್ಲೆಗೆ ಇದ್ದಷ್ಟು ಇನ್ನಾರಿಗೂ ಇರಲಾರದು. ಮನೆ ಬಿಟ್ಟು ಹೋಗುವವನ ಬಾಯಲ್ಲಿ ಮುರಿದುಕೊಂಡ ಲೆಕ್ಕ ಓಣಿಯೆಲ್ಲ ಸುತ್ತುತ್ತದೆ. ಆಮೇಲೆ ಗೇಟಿನ ರಟ್ಟು ಬಿಸಿಲಿಗೆ ಬೆಳ್ಳಗಾಗುವವರೆಗೂ ನೇತಾಡುತ್ತದೆ.

ಆದ್ದರಿಂದ ಓನರ್ರಲ್ಲಿ ಅರಿಕೆ ಇಷ್ಟೇ. ಕೀಲಿ ಕೊಡುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ಇಬ್ಬರೂ ತೆಗೆದಿಟ್ಟುಕೊಳ್ಳಿ. ಮೊಳೆ ಎಲ್ಲಿ ಹೊಡೆಯಬಹುದು, ಎಷ್ಟು ಎಂದು ಕರಾರಿನಲ್ಲೇ ಬರೆಯಿರಿ. ಒಂದನೇ ತಾರೀಖು ಬಾಡಿಗೆ ಬಾರದಿದ್ದರೆ ಎರಡಕ್ಕೇ ಕೇಳಿ. ಹನ್ನೊಂದು ತಿಂಗಳಾದ ಮೇಲೆ ಹೊಸ ಕಾಗದ ಮಾಡಿ. ಮೋಟಾರಿನ ಸ್ವಿಚ್ಚನ್ನು ಮಲಗುವ ಕೋಣೆಯಿಂದ ಮೆಟ್ಟಿಲ ಕೆಳಗಿನ ಗೋಡೆಗೆ ವರ್ಗಾಯಿಸಿ. ಅದಕ್ಕೂ ನಾಲ್ಕು ಮೊಳೆ ಬೇಕಾಗುತ್ತದೆ, ನೀವೇ ಹೊಡೆಯಿರಿ.