ಬೀಗ ಹಾಕಿದ್ದು ಕಳ್ಳನಿಗೆ, ಹೊರಗುಳಿದಿದ್ದು ನಾನು

ಊರಿಗೆ ಹೊರಟರೆ ಮನೆ ಬೀಗವನ್ನು ಮೂರು ಸಲ ಜಗ್ಗಿ, ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ನಾಲ್ಕನೇ ಸಲ ಜಗ್ಗುವ ಪೈಕಿ ನಾನು. ಆದರೆ ಬ್ಯಾಂಕು, ಆಧಾರ್, ಫೋಟೋಗಳನ್ನೆಲ್ಲ ಹೊತ್ತ ಮೊಬೈಲು ಮಾತ್ರ ವರ್ಷಗಟ್ಟಲೆ ಧರ್ಮಛತ್ರದ ಹಾಗೆ ಬಾಗಿಲು ತೆರೆದೇ ಬಿದ್ದಿತ್ತು. ಯಾರಾದರೂ ಕೇಳಿದರೆ, ‘ಅದರಲ್ಲೇನಿದೆ ಮಣ್ಣು? ಕದ್ದವನೇ ಅಯ್ಯೋ ಪಾಪ ಅಂತ ರೀಚಾರ್ಜ್ ಮಾಡಿಸಿ ಕಳಿಸ್ತಾನೆ’ ಅನ್ನುತ್ತಿದ್ದೆ. ನೀವೂ ಅಂದಿರುತ್ತೀರಿ ಬಿಡಿ.

ಮೊದಲು ಕೈಕೊಟ್ಟಿದ್ದು ಕಳ್ಳನಲ್ಲ, ನನ್ನದೇ ಅಂಗಿಜೇಬು. ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ಫೋನು ತಾನಾಗಿ ವಾಟ್ಸಾಪ್ ತೆರೆದು, ಮೇಲಧಿಕಾರಿಗಳ ಮಾವ ತೀರಿಕೊಂಡ ಸುದ್ದಿಗೆ ಹೆಬ್ಬೆರಳು ಎತ್ತಿ, ಮೇಲೊಂದು ಕುಣಿಯುವ ಬೊಂಬೆಯನ್ನೂ ಅಂಟಿಸಿತ್ತು!

ಅಂದೇ ರಾತ್ರಿ ಪ್ಯಾಟರ್ನ್ ಲಾಕ್ ಹಾಕಿದೆ. ಒಂಬತ್ತು ಚುಕ್ಕಿಗಳಲ್ಲಿ 3,89,112 ಬಗೆಯ ಗೆರೆ ಎಳೆಯಬಹುದು. ಅದರಲ್ಲಿ ರಂಗೋಲಿಯೂ ನಾಚುವಂಥದ್ದೊಂದನ್ನು ಆರಿಸಿ, ಬಜ್ಜಿ ತಿನ್ನುತ್ತಾ ಇಪ್ಪತ್ತು ಸಲ ಅಭ್ಯಾಸ ಮಾಡಿ ಮಲಗಿದೆ. ಬೆಳಗ್ಗೆ ಎದ್ದರೆ ಎರಡನೇ ತಿರುವೇ ನೆನಪಿಲ್ಲ. ಮೂರನೇ ಕ್ಲಾಸಿನ ಮಗಳು ಫೋನನ್ನು ಬೆಳಕಿಗೆ ಓರೆ ಹಿಡಿದು, ‘ಅಪ್ಪಾ, ಎಣ್ಣೆ ಜಿಡ್ಡು ಕಾಣಿಸ್ತಿದೆಯಲ್ಲ, ಅದರ ಮೇಲೇ ಎಳಿ’ ಅಂದಳು. ಒಂದೇ ಸಲಕ್ಕೆ ತೆರೆಯಿತು. ನನ್ನ ಭದ್ರತೆಯ ಗುಟ್ಟನ್ನು ಬಜ್ಜಿ ಬಯಲು ಮಾಡಿತ್ತು.

ಸರಿ, ಬೆರಳಚ್ಚು. ಭಾನುವಾರ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಾಗ ಸಿಲಿಂಡರ್ ಬಂತು. ತಂದವರು ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ‘ಓಟಿಪಿ ಹೇಳಿ ಸಾರ್’ ಅಂದರು. ಒತ್ತಿದೆ, ಒರೆಸಿ ಒತ್ತಿದೆ, ಪಂಚೆಗೆ ಉಜ್ಜಿ ಒತ್ತಿದೆ. ಡಿಗ್ರಿ ಮುಗಿಸಿದ ನಾನು ಹೆಬ್ಬೆಟ್ಟು ಒತ್ತುವುದರಲ್ಲಿ ಫೇಲಾದೆ.

ಕೊನೆಗೆ, ಬೆರಳಚ್ಚು ಕೈಕೊಟ್ಟಾಗ ಇರಲೆಂದು ನಾಲ್ಕಂಕಿಯ ಪಿನ್. ಇರುವುದೇ 10,000, ಅದರಲ್ಲಿ 1234 ಅಂದರೆ ಕೀಲಿಯನ್ನು ಬೀಗಕ್ಕೇ ನೇತುಹಾಕಿದಂತೆ. ಮರೆಯಲೇಬಾರದೆಂದು ನಮ್ಮ ಮದುವೆಯ ವರ್ಷ ಇಟ್ಟೆ. ಮದುವೆ ವಾರ್ಷಿಕೋತ್ಸವದ ಊಟ ಮುಗಿದು, ಸೋಂಪಿನ ತಟ್ಟೆ ಜೊತೆಗೆ ಬಿಲ್ಲು ಬಂತು. ಆ ಗಳಿಗೆಯಲ್ಲೇ ಫೋನು ಆಫಾಗಿ ಆನಾಗಿ ಪಿನ್ ಕೇಳಿತು. ಒಂದು ವರ್ಷ ಒತ್ತಿದೆ, ತಪ್ಪು. ಅದರ ಹಿಂದಿನದು, ತಪ್ಪು. ಮುಂದಿನದು, ಅದೂ ತಪ್ಪು. ಐದಾದ ಮೇಲೆ ‘30 ಸೆಕೆಂಡ್ ಬಿಟ್ಟು ಪ್ರಯತ್ನಿಸಿ’ ಎಂದಿತು. ಅಂತರಪಟದ ಹಿಂದೆ ನಿಂತಾಗಲೂ ಹೊತ್ತು ಅಷ್ಟು ನಿಧಾನ ಸರಿದಿರಲಿಲ್ಲ. ಎದುರಿನಿಂದ ತಣ್ಣನೆಯ ದನಿ ಬಂತು: ‘ಪಿನ್ನು ಏನು ಇಟ್ಟಿದ್ರಿ ಅಂದ್ರಿ?’

ಬಿಲ್ಲನ್ನು ಹೆಂಡತಿಯೇ ಕೊಟ್ಟಳು. ವರ್ಷವನ್ನೂ ಅವಳೇ ಹೇಳಿದಳು, ಇಡೀ ಹೋಟೆಲಿಗೆ ಕೇಳುವಂತೆ.

ಅಷ್ಟಾದರೂ ಬೀಗ ತೆಗೆದಿಲ್ಲ ಕಣ್ರೀ. ನೀವೂ ಹಾಕಿ. *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡಿ. ಕಳೆದುಹೋದ ಫೋನನ್ನು ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನಿಷ್ಕ್ರಿಯ ಮಾಡಿಸಲು ಅದು ಬೇಕಾಗುತ್ತದೆ. ಆನ್‌ಲೈನ್ ವಂಚಕರು ದುಡ್ಡು ಹೊಡೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮದುವೆಯ ವರ್ಷವನ್ನು ಮಾತ್ರ ಪಿನ್ ಮಾಡಿಕೊಳ್ಳಬೇಡಿ. ಮಾಡಿಕೊಳ್ಳಲೇಬೇಕೆಂದರೆ, ಮೊದಲು ಅಟ್ಟ ಹತ್ತಿ ಲಗ್ನಪತ್ರಿಕೆ ಹುಡುಕಿ.