ತಣ್ಣಗಿದ್ದುಕೊಂಡೇ ಬಿಸಿನೀರು ಕೊಡಬೇಕಂತೆ!

ಬೆಂಗಳೂರಿನ ತಾರಸಿಗಳಲ್ಲಿ ಈಗ ಜಾಗದ ತಂಟೆ. ಹಪ್ಪಳ ಸಂಡಿಗೆಯನ್ನು ಮೂಲೆಗೆ ತಳ್ಳಿ ಸೋಲಾರ್ ವಾಟರ್ ಹೀಟರ್ ಬಂದು ಕೂತಿತ್ತು. ಈಗ ಕರೆಂಟು ಮಾಡುವ ಪ್ಯಾನೆಲ್ ಬಂದು ಅದನ್ನೇ "ಸ್ವಲ್ಪ ಸರೀರಿ" ಅಂತಿದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಸರಿಯೋದಾದರೂ ಎಲ್ಲಿಗೆ? ಇದಕ್ಕೆ ರಾಜಿಸೂತ್ರವೇ ಹೈಬ್ರಿಡ್ ಪ್ಯಾನೆಲ್. ಮುಖದಲ್ಲಿ ಕರೆಂಟು, ಬೆನ್ನಲ್ಲಿ ನೀರಿನ ಕೊಳವೆ. 1970ರ ದಶಕದಿಂದಲೂ ವಿಜ್ಞಾನಿಗಳು ಇದರ ಬೆನ್ನು ಸವರುತ್ತಲೇ ಇದ್ದಾರೆ.

ಮಾಮೂಲಿ ಪ್ಯಾನೆಲ್ಲಿನ ಹಿಂದೆ ಅಂಟಿಸಿರೋ ಚೀಟಿ ಓದಿದ್ದೀರಾ? 400 ವ್ಯಾಟ್ ಅಂತ ಗತ್ತಿನಲ್ಲಿ ಬರೆದಿರುತ್ತೆ. ಷರತ್ತು ಸಣ್ಣಕ್ಷರದಲ್ಲಿ: ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬೀಳಬೇಕು, ಸೆಲ್ಲಿನ ಮೈ ಮಾತ್ರ 25 ಡಿಗ್ರಿ ಇರಬೇಕು. ಮಟಮಟ ಮಧ್ಯಾಹ್ನದಲ್ಲಿ ನಿಲ್ಲು, ಆದರೆ ಬೆವರಬೇಡ ಅಂದ ಹಾಗಾಯ್ತು! ಏಪ್ರಿಲಿನಲ್ಲಿ ಅದರ ಮೈ 65 ಡಿಗ್ರಿ ಮುಟ್ಟುತ್ತೆ. ಸಿಲಿಕಾನ್ ಸೆಲ್ಲಿಗೋ ಸೆಕೆ ಅಂದರೆ ಆಗಿಬರೋಲ್ಲ. ಡಿಗ್ರಿ ಒಂದು ಏರಿದರೆ ಸುಮಾರು ಶೇ. 0.35ರಷ್ಟು ಕೆಲಸಗಳ್ಳತನ. ನಲವತ್ತು ಡಿಗ್ರಿಗೆ ಶೇ. 14 ಹೋಯ್ತು, 400 ಅಂದಿದ್ದು 344ಕ್ಕೆ ಬಂದು ನಿಂತಿತು.

ಬೆನ್ನಿಗೆ ತಣ್ಣೀರು ಹರಿಸಿದರೆ ಸೆಲ್ಲಿಗೂ ತಂಪು, ನಮಗೂ ಬಿಸಿನೀರು. ಮಾರುವವರು ತಕ್ಷಣ ಕೂಡುವ ಲೆಕ್ಕಕ್ಕಿಳೀತಾರೆ: ಕರೆಂಟಿನ ದಕ್ಷತೆ ಶೇ. 20, ಶಾಖದ್ದು ಶೇ. 50, ಒಟ್ಟು ಶೇ. 70 ಸ್ವಾಮೀ! ಚಿನ್ನದ ತೂಕಕ್ಕೆ ಹುಣಸೆಹಣ್ಣಿನ ತೂಕ ಕೂಡಿಸಿದ ಹಾಗೆ. ಕರೆಂಟಿನಿಂದ ನೀರು ಕಾಯಿಸಬಹುದು, ಫ್ಯಾನೂ ತಿರುಗಿಸಬಹುದು. ಬಿಸಿನೀರು ತಂದು ಫ್ಯಾನಿಗೆ ಸುರಿದರೆ ಏನಾದೀತು?

ಅಸಲಿ ತಕರಾರು ಇರೋದು ಬಚ್ಚಲುಮನೆಯಲ್ಲಿ. ನೀರು 60 ಡಿಗ್ರಿ ಬೇಕು ಅಂದರೆ ಸೆಲ್ಲು ಅದಕ್ಕಿಂತ ಬಿಸಿಯಾಗಿರಲೇಬೇಕಲ್ಲ? ಅಲ್ಲಿಗೆ ತಂಪು ಮಾಡಿದ ಪುಣ್ಯವೆಲ್ಲ ನೀರಲ್ಲಿ ಹೋಮ. 45 ಡಿಗ್ರಿ ಸಾಕು ಅಂದರೆ ಸೆಲ್ಲು 50ರ ಆಸುಪಾಸಲ್ಲಿ ಇರುತ್ತೆ. ಲಾಭ ಇಪ್ಪತ್ತು ವ್ಯಾಟ್. ಇಷ್ಟೆಲ್ಲ ಪ್ಲಂಬಿಂಗು ಎರಡು ಎಲ್‌ಇಡಿ ಬಲ್ಬಿಗಾಗಿ! ಶಾಖ ಗಾಳಿಪಾಲಾಗದಿರಲಿ ಅಂತ ಮೇಲೊಂದು ಗಾಜು ಮುಚ್ಚಿದರೆ, ಅದು ಒಂದಿಷ್ಟು ಬೆಳಕನ್ನು ವಾಪಸ್ ಕಳಿಸಿ ಕರೆಂಟಿಗೆ ಕತ್ತರಿ ಹಾಕುತ್ತೆ. ಮನೆಗೆ ಬೀಗ ಹಾಕಿ ಧರ್ಮಸ್ಥಳಕ್ಕೆ ಹೋಗಿ ನೀರು ಹರಿಯದೆ ನಿಂತಿತೋ, ಗಾಜಿನೊಳಗಿನ ಬಿಸಿ ನೂರು ಡಿಗ್ರಿಯನ್ನೂ ದಾಟೀತು.

ಊರಿನ ತಮಾಷೆ ಬೇರೆ. ಕಲಬುರಗಿಯ ಮೇ ತಿಂಗಳಲ್ಲಿ ಪ್ಯಾನೆಲ್ಲಿಗೆ ತಂಪು ಬೇಕೇಬೇಕು, ಆದರೆ ಬಿಸಿನೀರು ಯಾರಿಗೆ ಬೇಕು? ತಾರಸಿಯ ಟ್ಯಾಂಕಿನ ನಲ್ಲಿಯಲ್ಲೇ ಕೈ ಸುಡುತ್ತೆ. ಮಡಿಕೇರಿಯ ಜುಲೈನಲ್ಲಿ ಬಿಸಿನೀರಿಗೆ ಜೀವ ಬಿಡ್ತಾರೆ, ಅಲ್ಲಿ ಸೂರ್ಯನೇ ರಜೆ ಮೇಲೆ.

ಹಾಗಂತ ತೆಗೆದುಹಾಕೋ ಮಾಲಲ್ಲ. ನೂರು ಲೀಟರ್ ನೀರನ್ನು 25ರಿಂದ 60ಕ್ಕೆ ಏರಿಸೋಕೆ ನಾಲ್ಕು ಯೂನಿಟ್ ಬೇಕು. ಬಿಸಿಲು 45ರ ತನಕ ಏರಿಸಿಕೊಟ್ಟರೆ ಎರಡೂಕಾಲು ಯೂನಿಟ್ ಉಳೀತು. ಗೀಸರಿಗೆ ಉಳಿದದ್ದು ಒಂದೂಮುಕ್ಕಾಲು. ಹಾಸ್ಟೆಲ್ಲು, ಈಜುಕೊಳದಂಥ ಕಡೆ ರಾಶಿ ರಾಶಿ ಉಗುರುಬೆಚ್ಚಗಿನ ನೀರು ಬೇಕು, ಅಲ್ಲಿ ಇದಕ್ಕೆ ರಾಜಮರ್ಯಾದೆ.

ಆದ್ದರಿಂದ ಕೊಳ್ಳುವ ಮೊದಲು ತಾರಸಿ ಅಳೆದರೆ ಸಾಲದು, ಮನೆಮಂದಿಯ ಚರ್ಮ ನೋಡಿ. ಉಗುರುಬೆಚ್ಚಗೆ ಸಾಕು ಅನ್ನೋರಾದರೆ ಧಾರಾಳವಾಗಿ ಹಾಕಿಸಿ. ಮೈ ಕೆಂಪಾಗದಿದ್ದರೆ ಅದು ಸ್ನಾನವೇ ಅಲ್ಲ ಅನ್ನೋ ಅಜ್ಜಿ ಇದ್ದರೆ ಹಳೇ ವಾಟರ್ ಹೀಟರಿನ ತಂಟೆಗೆ ಹೋಗಬೇಡಿ. ಸೆಲ್ಲಿನ ಬಿಸಿ ಇಳಿಸೋಕೆ ನೀರಿದೆ. ಅಜ್ಜಿಯ ಬಿಸಿ ಇಳಿಸೋ ಪೈಪನ್ನು ಯಾವ ಇಂಜಿನಿಯರೂ ಇನ್ನೂ ಎಳೆದಿಲ್ಲ.