ಕಾರ್ಡ್ ಅಂಕಲ್

ಭಾನುವಾರ ಬೆಳಿಗ್ಗೆ ರಿಚರ್ಡ್ಸ್ ಪಾರ್ಕಿನ ಬೆಂಚಿನ ಮೇಲೆ ಒಬ್ಬರು ಸ್ಟೀಲ್ ಸ್ಕೇಲು, ಭೂತಗನ್ನಡಿ ಹರಡಿಕೊಂಡು ಕೂತಿರುತ್ತಾರೆ. ವಾಚ್ ರಿಪೇರಿಯವರಲ್ಲ, ನಮ್ಮ ಕಾರ್ಡ್ ಅಂಕಲ್. ಬ್ಯಾಂಕಿನಿಂದ ವಿ.ಆರ್.ಎಸ್. ತಗೊಂಡವರು. ಹರಕು ನೋಟನ್ನು ಬೆಳಕಿಗೆ ಹಿಡಿದು ನೋಡಿ ಪಳಗಿದ ಕಣ್ಣು, ಈಗ ಏರಿಯಾ ಹುಡುಗರ ಕ್ರಿಕೆಟ್ ಕಾರ್ಡಿಗೆ ಮಾರ್ಕ್ಸ್ ಹಾಕುತ್ತದೆ.

ಅಮೆರಿಕದ ಪಿಎಸ್‌ಎ ಕಂಪನಿ 1991ರಿಂದ ಇದೇ ಕಸುಬು ಮಾಡುತ್ತಿದೆ. ಚಿತ್ರ ನಟ್ಟನಡುವೆ ಅಚ್ಚಾಗಿದೆಯೇ, ಮೂಲೆ ಮೊಂಡಾಗಿದೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರಿದೆಯೇ ಎಂದು ನೋಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡುತ್ತದೆ. ಹಳೆಯದಕ್ಕೂ ಹೊಸದಕ್ಕೂ ಅಲ್ಲಿ ಒಂದೇ ಅಳತೆಗೋಲು. ಅಂಕಲ್ ಹತ್ತಿರ ಎರಡಿವೆ.

ಹುಡುಗನೊಬ್ಬ ಐಪಿಎಲ್ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡು ಚಾಚಿದ.

"ಎಡಗಡೆ ಬಾರ್ಡರ್ ಅರ್ಧ ಮಿಲಿಮೀಟರ್ ಜಾಸ್ತಿ. ಏಳು."

"ಅಂಕಲ್, ಪ್ಯಾಕೆಟ್ ಈಗಷ್ಟೇ ಒಡೆದಿದ್ದು!"

"ಹಾಗಾದ್ರೆ ನೆಪ ಹೇಳೋಕೂ ಏನಿಲ್ಲ. ಆರು."

ಆಮೇಲೆ ತಮ್ಮ ಆಲ್ಬಮ್ ಬಿಚ್ಚಿದರು. 1987ರ ವಿಶ್ವಕಪ್ ಕಾಲದಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಕಾರ್ಡು. ಒಂದು ಮೂಲೆ ನಾಪತ್ತೆ, ಬ್ಯಾಟ್ಸ್‌ಮನ್ ಮುಖದ ಮೇಲೆ ಕಾಫಿ.

"ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡನ್ನ 16 ರನ್ನಲ್ಲಿ ಸೋಲಿಸಿದಾಗ ನಮ್ಮಪ್ಪ ಕುಣಿದು ಚೆಲ್ಲಿದ ಕಾಫಿ ಕಣೋ ಇದು. ಒಂಬತ್ತೂವರೆ."

"ಮೂಲೆ?"

"ನಮ್ಮಕ್ಕ ಕಚ್ಚಿದ್ದು. ಅದಕ್ಕೆ ಇನ್ನರ್ಧ."

ಮನೆಗಳ ಲೆಕ್ಕವೂ ಹೀಗೇ. ಪಕ್ಕದ ಮಂಕಿಟಾಪ್ ಬಂಗಲೆ ಸೋರಿದರೆ "ಆಹಾ, ಆ ಕಾಲದ ಹೆಂಚು!" ತಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೊಂಚ ಕಿರುಗುಟ್ಟಿದರೆ ಅಸೋಸಿಯೇಷನ್ನಿಗೆ ಮೂರು ಪುಟದ ಪತ್ರ.

ಪಿಎಸ್‌ಎ ಮೊಟ್ಟಮೊದಲು ಅಂಕ ಕೊಟ್ಟದ್ದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ, 1909–11ರ ಸಿಗರೇಟ್ ಪ್ಯಾಕಿನ ಕಾರ್ಡಿಗೆ. ಸಿಕ್ಕಿದ್ದು ಎಂಟು. ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಒಪ್ಪಿಕೊಂಡ. ಮೊಬೈಲಿನಲ್ಲಿ ಇದನ್ನು ಓದಿದ ಹುಡುಗ ಅಂಕಲ್‌ಗೆ ತೋರಿಸಿದ.

"ವಯಸ್ಸಾದೋರು ಕಟಿಂಗ್ ಮಾಡಿಸ್ಕೋಬಾರ್ದಾ?" ಎಂದರು ಅಂಕಲ್.

ಹುಡುಗ ಅರೆಗಳಿಗೆ ಯೋಚಿಸಿದ. ತನ್ನ ಕಾರ್ಡಿನ ಮೂಲೆಯನ್ನು ಕಟಕ್ಕನೆ ಕಚ್ಚಿ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ, ಬೆಂಚಿನ ಮೇಲೆ ಧೊಪ್ಪನೆ ಕೂತ.

"ಏಯ್! ಏನೋ ಮಾಡ್ತಿದ್ದೀಯಾ?"

"ಮಾರ್ಕ್ಸ್ ಜಾಸ್ತಿ ಮಾಡ್ಕೋತಿದ್ದೀನಿ ಅಂಕಲ್. ಸ್ವಲ್ಪ ಕಾಫಿ ಇದ್ಯಾ?"